ರೋಣಕ್ಕೊಂದು, ನರಗುಂದಕ್ಕೊಂದು

ಅಂದಿನ ಪಜೀತಿಗೆಲ್ಲ ಕಾರಣವಾದದ್ದು ವಸೀಮ ನಿದ್ದೆಗಣ್ಣಿನಲ್ಲಿ ಅಂದ ಒಂದು 'ಹೂಂ'.

ಭಾನುವಾರ ಬೆಳಗಿನ ಆರು ಗಂಟೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಆಕಳಿಸುತ್ತ ಆಕಳಿಸುತ್ತ ತಿರುಗುತ್ತಿದ್ದವು. ಕೆಳಗೆ ಊರಿನಲ್ಲಿ, ತಂದೆಯ ಗಾದಿ ಅಂಗಡಿಯ ಅಟ್ಟದ ಮೇಲೆ ಮಲಗಿದ್ದ ವಸೀಮ ದೊಡ್ಡದೊಂದು ಮೈದಾನದಲ್ಲಿ ಓಡುತ್ತಿದ್ದ. ಹುಲ್ಲು ಮಖಮಲ್ಲಿನ ಹಾಗಿತ್ತು. ಚೆಂಡು ಹತ್ತಿಯ ಉಂಡೆಯಷ್ಟು ಹಗುರವಾಗಿತ್ತು. ಸುತ್ತ ಸಾವಿರಾರು ಜನ ಉಸಿರು ಹಿಡಿದು ಕೂತಿದ್ದರು. ಅಷ್ಟರಲ್ಲಿ ಆಕಾಶದಿಂದ ಒಂದು ದನಿ ಕೇಳಿತು.

"ಬರ್ತೀಯೇನೋ, ವಸೀಮಾ?"

"ಹೂಂ."

"ಖರೇನ ಬರ್ತೀ?"

"ಹೂಂ. ಗೋಲ್ ಹೊಡೀತೀನಿ."

"ಶಾಭಾಸ್!" ಎಂದು ದನಿ ಕಟ್ಟಾಯಿತು. ಆಕಾಶವಾಣಿ ಹೀಗೆ ಟಕ್ಕನೆ ಕಟ್ಟಾಗುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಕಿವಿಯ ಕೆಳಗೆ ಫೋನು ಬೆಚ್ಚಗೆ ಮಲಗಿತ್ತು.

ವಸೀಮನಿಗೆ ಇಪ್ಪತ್ತೊಂಬತ್ತು ವರ್ಷ. ಅವನು ಫುಟ್‌ಬಾಲ್ ಆಟಗಾರ 'ಆಗಿದ್ದ' ಎಂದು ಊರವರು ಹೇಳುತ್ತಿದ್ದರು, 'ಆಗಿದ್ದೇನೆ' ಎಂದು ಅವನು ತಿದ್ದುತ್ತಿದ್ದ. ಮೊದಲ ಸಲ ಚೆಂಡು ಒದ್ದದ್ದು ನರಗುಂದದಲ್ಲಿ, ಅತ್ತೆಯ ಮನೆಯಲ್ಲಿದ್ದು ಪಿಯುಸಿ ಓದುವಾಗ. ಬಿ.ಎ.ಗೆ ರೋಣದ ಕಾಲೇಜಿಗೆ ಬಂದು ಮೂರು ವರ್ಷವೂ ಆ ಕಾಲೇಜಿಗೆ ಕಪ್ಪು ತಂದುಕೊಟ್ಟ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ. ಅಲ್ಲಿ ಅವನ ಎಡಗಾಲಿನ ಹೊಡೆತ ನೋಡಿ ಗೋವಾದ ಕ್ಲಬ್ಬೊಂದು ಕರಾರು ಬರೆಸಿಕೊಂಡು ಕರೆದೊಯ್ದಿತು. ಹೋದ ದಿನ ಬಸ್‌ಸ್ಟ್ಯಾಂಡಿಗೆ ಅರ್ಧ ಊರೇ ಬಂದಿತ್ತು.

ಗೋವಾದಲ್ಲಿ ಮೂರು ವರ್ಷ ಇದ್ದ. ಆಡಿದ್ದು ಒಟ್ಟು ಹತ್ತೊಂಬತ್ತು ನಿಮಿಷ. ಉಳಿದ ಹೊತ್ತೆಲ್ಲ ಬದಲಿ ಆಟಗಾರರ ಬೆಂಚಿನ ಮೇಲೆ. ಕೂತು ಕೂತು ಅವನಿಗೊಂದು ಚಟ ಹತ್ತಿತು. ಎದುರಿಗೆ ನಡೆಯುತ್ತಿದ್ದ ಆಟದೊಳಗೆ ಮನಸ್ಸಿನಲ್ಲೇ ಇಳಿದು, ಯಾರ ಕಣ್ಣಿಗೂ ಬೀಳದಂತೆ ಓಡಿ, ಯಾರೂ ಎಣಿಸದ ಗೋಲು ಹೊಡೆದು ಬರುವುದು. ಒಮ್ಮೆ ಕೋಚು "ವಸೀಮ, ನೀನೀಗ ಇಳಿ" ಎಂದು ಎರಡು ಸಲ ಕರೆದರೂ ಕೇಳಿಸದೆ, ಪಕ್ಕದವನು ಇಳಿದು ಹೋದದ್ದೂ ಉಂಟು. ಇವನು ಆಗ ಕನಸಿನಲ್ಲಿ ಕಾರ್ನರ್ ಒದೆಯುತ್ತಿದ್ದ.

ಫೋನಿನಲ್ಲಿ ಮಗ ಹೇಳಿದ್ದನ್ನು ತಾಯಿ ಮೈಮುನಬಿ ಓಣಿಗೆ ತಲುಪಿಸುತ್ತಿದ್ದಳು. "ನಮ್ಮ ವಸೀಮ ಈಗ ಬೆಂಚಿನ್ಯಾಗ ಅದಾನಂತ" ಅಂದಳು. ಎದುರುಮನೆಯ ಸಕ್ರವ್ವ ಅದನ್ನು ಧಾರವಾಡದ ಹೈಕೋರ್ಟಿನ ಬೆಂಚೆಂದು ತಿಳಿದಳು. ಆಮೇಲೆ ಬೆಂಗಳೂರಿನ ಕ್ಲಬ್ಬಿಗೆ 'ಟ್ರಾನ್ಸ್‌ಫರ್ ಆತು' ಎಂಬ ಸುದ್ದಿ ಬಂತು. ಸರಕಾರಿ ನೌಕರಿ ಅಲ್ಲದಿದ್ದರೆ ಟ್ರಾನ್ಸ್‌ಫರ್ ಹ್ಯಾಗಾದೀತು? ಸಕ್ರವ್ವನ ಸಂಶಯ ಪೂರ್ತಿ ಹೋಯಿತು. ಬೆಂಗಳೂರಿನಲ್ಲಿ ಎಡ ಮೊಣಕಾಲು ಕೆಡಿಸಿಕೊಂಡು ಅವನು ಊರಿಗೆ ಬಂದಾಗ ಆಕೆ ನೋಡಲು ಬಂದಳು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ರಾಜೂರಿನ ಹೊಲದ ವ್ಯಾಜ್ಯದ ಕಾಗದ.

ಅದಾಗಿ ಎರಡು ವರ್ಷವಾಗಿತ್ತು.

"ಚೆಂಡು ಬಿಡು ಅನ್ನಂಗಿಲ್ಲಪಾ ನಾ," ಎನ್ನುತ್ತಿದ್ದ ತಂದೆ ಕಾಶೀಂಸಾಬ, ಹತ್ತಿಯ ಬೂರಿನ ನಡುವೆ ಮೋಡದಲ್ಲಿ ಕೂತ ಪೀರನ ಹಾಗೆ. "ಚೆಂಡ ನಿನ್ನ ಬಿಟ್ಟೈತಿ. ಈ ವರ್ಸ ಯಾರರ ಕರದ್ರ ಹೋಗು. ಇಲ್ಲಂದ್ರ ಗಾದಿ ಮ್ಯಾಲ ಕುಂಡ್ರು. ಅರಸರೂ ಕಡೀಕ ಕುಂಡ್ರೂದು ಗಾದಿ ಮ್ಯಾಲನ."

ಆ ಭಾನುವಾರ ಎಂಟು ಗಂಟೆಗೆ ನಿಜವಾಗಿಯೂ ಕರೆ ಬಂತು. ಈ ಸಲ ವಸೀಮ ಎಚ್ಚರವಾಗಿದ್ದ. ಬೆಳಗಾವಿಯ ಚೌಗುಲೆ ಸರ್, ಹಿಂದೆ ಗೋವಾದ ಕ್ಲಬ್ಬಿನಲ್ಲಿ ಸಹಾಯಕ ಕೋಚ್ ಆಗಿದ್ದವರು.

"ಹುಬ್ಬಳ್ಳ್ಯಾಗ ಹೊಸಾ ಕ್ಲಬ್ ಕಟ್ಟೇವಿ. ಎಡಗಾಲಾಂವ ಒಬ್ಬಾಂವ ಬೇಕಾಗ್ಯಾನ. ಇವತ್ತ ಸಂಜಿ ನಾಕಕ್ಕ ಟ್ರಯಲ್ ಐತಿ, ನಾಳೆ ಹೆಸರು ಕೊಡಬೇಕು. ಕಾಲ್ ಹ್ಯಾಂಗೈತಿ?"

"ಫಸ್ಟ್ ಕ್ಲಾಸ್ ಐತ್ರಿ ಸರ," ಎಂದ ವಸೀಮ, ಎಡಗಾಲನ್ನು ಬಲಗಾಲಿನ ಹಿಂದೆ ಮುಚ್ಚಿಟ್ಟುಕೊಂಡು.

"ನಾಕು ಅಂದ್ರ ನಾಕ ಮತ್ತ."

ಹುಬ್ಬಳ್ಳಿಗೆ ಹೋಗಬೇಕೆಂದರೆ ರೋಣ, ನರಗುಂದ ದಾಟಿ ಹೋಗಬೇಕು. ಒಂಬತ್ತರ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಅಲ್ಲಿರಬಹುದಿತ್ತು. ಆದರೆ ಸುದ್ದಿ ಅವನಿಗಿಂತ ಮೊದಲು ಓಣಿಗೆ ಇಳಿದಿತ್ತು. ಬೂಟು ಹುಡುಕಿ ಚೀಲಕ್ಕೆ ಹಾಕುವಷ್ಟರಲ್ಲಿ ಸಕ್ರವ್ವ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕುಂಡ್ರೋ. ಮೊಣಕಾಲ ಚಾಚು."

"ಆಯಿ, ಬಸ್ ಹೋಕ್ಕೈತಿ..."

"ಬಸ್ ದಿನಾ ಹೋಕ್ಕೈತಿ. ಮೊಣಕಾಲ ಹೋದ್ರ ಬರಂಗಿಲ್ಲ. ನಿನಗ ಮತ್ತ ಆರ್ಡರ್ ಬಂದೈತಂತ ನಿಮ್ಮವ್ವ ಹೇಳಿದ್ಲು. ಈ ಸಲೆ ಯಾ ಊರಿಗೆ ಹಾಕ್ಯಾರ?"

ಆಕೆ ಮೂವತ್ತು ನಿಮಿಷ ತಿಕ್ಕಿದಳು. ಬಳ್ಳೊಳ್ಳಿ ಕುದಿಸಿದ ಎಣ್ಣೆ. ವಸೀಮನ ಮೊಣಕಾಲು ಒಗ್ಗರಣೆಯ ವಾಸನೆ ಹೊಡೆಯತೊಡಗಿತು. ಅಷ್ಟರಲ್ಲಿ ಮೈಮುನಬಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿ, ಮೊಸರು ಚೆಲ್ಲಿತೆಂದು ಬಿಚ್ಚಿ, ಮತ್ತೆ ಕಟ್ಟಿದಳು. ಗಂಟು ಕೈಗೆ ಬಂದಾಗ ಒಂಬತ್ತರ ಬಸ್ಸಿನ ಧೂಳು ಕೂಡ ಕೆಳಗೆ ಕೂತಿತ್ತು.

ಕಾಶೀಂಸಾಬ ಮಗನ ಮುಖ ನೋಡಿದ. ಹೊರಗೆ ಬಂದು ಅಲ್ಲಾಸಾಬನನ್ನು ಕೂಗಿದ. ಅಲ್ಲಾಸಾಬನ ಸಣ್ಣ ಗೂಡ್ಸ್ ಗಾಡಿ ಎಂಟು ಗಾದಿ ಹೇರಿಕೊಂಡು ರೋಣದ ಮದುವೆ ಮನೆಗೆ ಹೊರಟಿತ್ತು.

"ಇವನ್ನೂ ಒಯ್ಯಿ. ಒಂಬತ್ತನೇ ಗಾದಿ ಅಂತ ತಿಳಕೊ."

ಗಾದಿಗಳ ಮೇಲೆ ವಸೀಮ ಅಂಗಾತ ಮಲಗಿದ. ಗಾಡಿ ಮುಶಿಗೇರಿಯ ಕಡೆಯ ಹೊಲಗಳ ನಡುವೆ ತೂಗುತ್ತ ಸಾಗಿತು. ಎರಡೂ ಕಡೆ ಎರಿಭೂಮಿ ಕರ್ರಗೆ, ಅದರ ಮೇಲೆ ಕಡಲೆಯ ಹಸಿರು ತೆಳ್ಳಗೆ. ಮೇಲೆ ಒಂದೂ ಮೋಡವಿಲ್ಲದ ಆಕಾಶ. ಹಿಂದೆ ಗುಡ್ಡದ ಗಾಳಿಯಂತ್ರಗಳು ಸಣ್ಣವಾಗುತ್ತ ಸಣ್ಣವಾಗುತ್ತ ಕೈಬೀಸುತ್ತಿದ್ದವು, ಗೋವಾಕ್ಕೆ ಹೋದ ದಿನ ಬೀಸಿದ ಹಾಗೆಯೇ. ಗಾಳಿಗೆ ಹತ್ತಿಯ ಎಳೆಗಳು ಹಾರಿ ತಲೆಯ ಮೇಲೆ ಕೂರುತ್ತಿದ್ದವು. ಬಿಸಿಲು ಚುರುಗುಟ್ಟಿದಾಗ ಅವನು ಮೇಲಿನ ಗಾದಿಯನ್ನು ಹೊದ್ದುಕೊಂಡ. ಚೌಗುಲೆ ಸರ್ ಸೀಟಿ ಊದಿದರು. ಹುಬ್ಬಳ್ಳಿಯ ಮೈದಾನದಲ್ಲಿ ಅವನು ಒಬ್ಬನನ್ನು ದಾಟಿದ, ಇಬ್ಬರನ್ನು ದಾಟಿದ, ಮೂರನೆಯವನು ತಾನಾಗಿಯೇ ಬದಿಗೆ ಸರಿದು ಸಲಾಮು ಹೊಡೆದ.

"ಇದೊಂದು ಭಾಳ ವಜ್ಜೆ ಐತಲ್ರೀ! ಒಳಗ ಕಲ್ಲ ತುಂಬ್ಯಾರೇನು?"

ರೋಣದ ಮದುವೆ ಮನೆಯ ಅಂಗಳದಲ್ಲಿ ಇಬ್ಬರು ಹೆಂಗಸರು ಗಾದಿ ಎಳೆದರು. ಗಾದಿಯೊಳಗಿಂದ ಎರಡು ಕಾಲು ಹೊರಬಂದವು. ಒಬ್ಬಾಕೆ ಚಿಟ್ಟನೆ ಚೀರಿದಳು. ಇನ್ನೊಬ್ಬಾಕೆ ಮೂಗು ಮುಚ್ಚಿಕೊಂಡು, "ಸತ್ತಾಂವಲ್ಲ ಬಿಡ, ಒಗ್ಗರಣಿ ವಾಸನಿ ಬರಾಕತ್ತೈತಿ," ಎಂದಳು. ವಸೀಮ ಎದ್ದು ಕೈಮುಗಿದು, ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಓಡಿದ.

ಹನ್ನೊಂದರ ಹುಬ್ಬಳ್ಳಿ ಬಸ್ಸು ನಿಂತೇ ಇತ್ತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಹತ್ತಿ ಮೆತ್ತಿ ಬೆಳ್ಳಗಾಗಿದ್ದ ಅವನ ತಲೆ ನೋಡಿದ ಕಂಡಕ್ಟರು, "ಎಲ್ಲಿಗೆ ಯಜ್ಜಾ? ಹಿರಿಯ ನಾಗರಿಕರ ಕಾರ್ಡ್ ಐತೇನು?" ಎಂದು ಕೇಳಿದ. ವಸೀಮ ತಲೆ ಕೊಡವಿಕೊಳ್ಳುತ್ತಿದ್ದಾಗ ಹೊರಗೆ ಬಂದು ನಿಂತ ಆಟೋದ ಮೈಕಿನಿಂದ ದನಿ ತೇಲಿ ಬಂತು.

"ರಸಿಕ ಬಂಧುಗಳೇ! ಕಡಲ ತಡಿಯ ಗೋವೆಯನ್ನು ನಡುಗಿಸಿದ ವೀರ, ರೋಣದ ಕಾಲೇಜಿನ ಹೆಮ್ಮೆಯ ಕುವರ, ಎಡಗಾಲಿನ ಸಿಡಿಲು ವಸೀಮ ಇಂದು ನಿಮ್ಮೆದುರು ಅವತರಿಸಲಿದ್ದಾನೆ..."

ತಲೆ ಕೊಡವುತ್ತಿದ್ದ ವಸೀಮನ ಕೈ ಅಲ್ಲೇ ನಿಂತಿತು. ಬೆಳಗಿನ ಆಕಾಶವಾಣಿ ಇದೇ ದನಿಯಲ್ಲಿತ್ತು.

ಆಟೋದಿಂದ ಇಳಿದವರು ಜಯತೀರ್ಥ ಸರ್. ರೋಣದ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ದನಿಯೆಂದರೆ ದನಿ. ಅವರು ಹಾಜರಿ ಕರೆದರೂ ಹುಡುಗರಿಗೆ ಮೈ ಜುಮ್ಮೆನ್ನುತ್ತಿತ್ತು. ಕಾಲೇಜಿನ ಯಾವ ಆಟವಿದ್ದರೂ ಮೈಕು ಅವರದೇ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಯಾರಿಗೂ ಅನಿಸುತ್ತಿರಲಿಲ್ಲ.

"ಇಳೀಯೋ ಕೆಳಗ! ಮೈದಾನ ಆ ಕಡೆ ಅದ, ನೀ ಈ ಕಡೆ ಬಸ್ಸಿನ್ಯಾಗ ಕೂತೀಯಲ್ಲ!"

"ಸರ, ನಾ ಹುಬ್ಬಳ್ಳಿಗೆ ಹೊಂಟೀನ್ರಿ. ಟ್ರಯಲ್ ಐತ್ರಿ."

"ಹಂಗಾರ ಮುಂಜಾನಿ ಬರ್ತೀನಿ ಅಂತ ಯಾಕಂದಿ?"

"ನಾ ಅಂದೇ ಇಲ್ರಿ ಸರ."

ಜಯತೀರ್ಥ ಸರ್ ಫೋನು ತೆಗೆದು ಬೆರಳು ಒತ್ತಿದರು. ಅವರ ಫೋನಿನಲ್ಲಿ ಎಲ್ಲ ಮಾತೂ ತಾನಾಗಿ ರೆಕಾರ್ಡ್ ಆಗುತ್ತಿತ್ತು. ಇಡೀ ಬಸ್ಸಿಗೆ ಕೇಳುವಂತೆ ವಸೀಮನ ನಿದ್ದೆಯ ದನಿ ಹೊರಬಂತು: "ಹೂಂ. ಗೋಲ್ ಹೊಡೀತೀನಿ."

ಕಂಡಕ್ಟರು ತಲೆ ಅಲ್ಲಾಡಿಸಿದ. "ಮಾತ್ ಕೊಟ್ಟಿ ಅಂದ್ಮ್ಯಾಲ ಇಳೀಬೇಕಪಾ."

"ರೋಣ ಮತ್ತ ನರಗುಂದ, ಹಳೇ ವಿದ್ಯಾರ್ಥಿಗಳ ಮ್ಯಾಚು," ಎಂದು ಸರ್ ಅವನ ರಟ್ಟೆ ಹಿಡಿದರು. "ನಲವತ್ತು ನಿಮಿಷದ ಮಾತು. ಹನ್ನೆರಡರ ಬಸ್ಸಿಗೆ ನಾನಽ ಕೂಡಿಸಿ ಕಳಸ್ತೀನಿ. ನೀ ಓಡೂದೂ ಬ್ಯಾಡ, ಸುಮ್ಮನ ನಿಂತರ ಸಾಕು. ಜನ ನಿನ್ನ ನೋಡಬೇಕು, ಅಷ್ಟ."

ಗುರುಗಳಿಗೆ ಇಲ್ಲವೆನ್ನುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ. ಮೊಣಕಾಲನ್ನು ಟ್ರಯಲ್ಲಿಗೆ ಉಳಿಸಿಕೊಂಡು, ಮೈದಾನದ ನಡುವೆ ಗುಡಿಯ ಗರುಡಗಂಬದಂತೆ ನಿಂತುಬಿಡುವುದೆಂದು ನಿಶ್ಚಯಿಸಿ ಇಳಿದ.

ಹನ್ನೊಂದೂ ಕಾಲಿಗೆ ಬರಬೇಕಾದ ಮುಖ್ಯ ಅತಿಥಿಗಳು ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಬಂದರು. ಅವರು ಕ್ರೀಡೆಯ ಮಹತ್ವ ಹೇಳುತ್ತಿದ್ದಾಗ ಹನ್ನೆರಡರ ಬಸ್ಸು ಮೈದಾನದ ಪಕ್ಕದಿಂದಲೇ ಹಾರ್ನು ಹೊಡೆಯುತ್ತ ಹೋಯಿತು. ವಸೀಮ ಅದನ್ನು ತಿರುವಿನವರೆಗೂ ನೋಡಿದ.

ಆಮೇಲೆ ಶುರುವಾಯಿತು ಇನ್ನೊಂದು ತಕರಾರು. ನರಗುಂದ ತಂಡದ ನಾಯಕ ರಘೂತ್ತಮ ಬ್ಯಾಂಕಿನಲ್ಲಿ ಕ್ಯಾಶಿಯರು. ಪಿಯುಸಿಯಲ್ಲಿ ವಸೀಮನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು.

"ವಸೀಮ ನಮ್ಮಾಂವ. ಅವಗ ಚೆಂಡಿಗೆ ಕಾಲು ಹಚ್ಚಲಿಕ್ಕೆ ಕಲಿಸಿದ್ದು ನರಗುಂದದ ಮಣ್ಣು," ಎಂದ ರಘೂತ್ತಮ.

"ಕಪ್ ತಂದಿದ್ದು ರೋಣಕ್ಕ," ಎಂದಿತು ಈ ಕಡೆಯ ತಂಡ.

"ಬೀಜ ನಮ್ಮದು."

"ಬೆಳಿ ನಮ್ಮದು."

ಬೀಜ ಬೆಳೆಯ ವಾದ ಹೊಲದ ಬದುವಿನ ಜಗಳದ ಮಟ್ಟಕ್ಕೆ ಏರಿತು. ವಸೀಮನ ಒಂದು ಕೈ ರೋಣದವರ ಹತ್ತಿರ, ಇನ್ನೊಂದು ಕೈ ನರಗುಂದದವರ ಹತ್ತಿರ. ಕಡೆಗೆ ಜಯತೀರ್ಥ ಸರ್ ಮೈಕಿನಲ್ಲೇ ತೀರ್ಪು ಕೊಟ್ಟರು: ಮೊದಲ ಇಪ್ಪತ್ತು ನಿಮಿಷ ರೋಣಕ್ಕೆ, ಆಮೇಲಿನ ಇಪ್ಪತ್ತು ನಿಮಿಷ ನರಗುಂದಕ್ಕೆ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಇದರಲ್ಲಿ ಒಂದು ಗಂಟು ಇದೆಯೆಂದು ಯಾರಿಗೂ ಹೊಳೆಯಲಿಲ್ಲ. ಅರ್ಧ ಆಟವಾದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವೆ. ವಸೀಮನೂ ತಂಡ ಬದಲಿಸಿದರೆ ಅವನ ಪಾಲಿಗೆ ದಿಕ್ಕು ಬದಲಾಗುವುದಿಲ್ಲ. ಎರಡೂ ಸಲ ಅವನು ಗೋಲು ಹೊಡೆಯಬೇಕಾದದ್ದು ಅದೇ ಕಂಬಗಳ ನಡುವೆ.

ಸೀಟಿ ಕೂಗಿತು. ವಸೀಮ ಅಂದುಕೊಂಡಂತೆ ನಿಂತ. ಎರಡು ನಿಮಿಷ ನಿಂತೇ ಇದ್ದ. ಆಗ ಮೈಕಿನಿಂದ ಆ ದನಿ ಬಂತು.

"ಅಗೋ, ನಡುಬಯಲಿನಲ್ಲಿ ಅವನು ನಿಂತಿದ್ದಾನೆ. ಕದಲುವುದಿಲ್ಲ. ಮಳೆಗೆ ಮುಂಚೆ ಗಾಳಿ ನಿಲ್ಲುವಂತೆ ನಿಂತಿದ್ದಾನೆ..."

ವಸೀಮನ ಮೈ ಜುಮ್ಮೆಂದಿತು.

"ಇಗೋ, ಚೆಂಡು ಅವನನ್ನು ಹುಡುಕಿಕೊಂಡು ಬರುತ್ತಿದೆ! ತವರಿಗೆ ಬರುವ ಮಗಳ ಹಾಗೆ ಬರುತ್ತಿದೆ!"

ಚೆಂಡು ಬಂತು. ಕಾಲು ತಾನಾಗಿ ಮುಂದೆ ಹೋಯಿತು. ಆಮೇಲೆ ಏನಾಯಿತೆಂದು ವಸೀಮನಿಗೆ ಸರಿಯಾಗಿ ಗೊತ್ತಿಲ್ಲ. ಮೊಣಕಾಲು ಎಲ್ಲಿದೆಯೆಂದೇ ಮರೆತುಹೋಯಿತು. ಬಿರುಕುಬಿಟ್ಟ ಎರಿಮಣ್ಣಿನ ಮೈದಾನ ಮೆತ್ತಗಾಯಿತು, ಬಿಸಿಲು ತಂಪಾಯಿತು. "ಜಿಂಕೆಯ ನಾಗಾಲೋಟ!" ಎಂದಿತು ದನಿ, ಅವನು ಜಿಂಕೆಯಾದ. "ಹಾವಿನ ಹೊರಳು!" ಎಂದಿತು, ಅವನು ಹೊರಳಿದ. ಲೈನಿನವನು ಬಾವುಟ ಎತ್ತಿದಾಗ ಸರ್ ಗಂಭೀರವಾಗಿ "ಧ್ವಜಾರೋಹಣವಾಗಿದೆ" ಎಂದರು. ನೆರಳಿನಲ್ಲಿ ಕೂತಿದ್ದ ನಾಲ್ಕಾರು ಹಿರಿಯರು ಎದ್ದು ನಿಂತರು.

ಹದಿನೆಂಟನೆಯ ನಿಮಿಷ. "ದ್ವಾರಪಾಲಕನು ಭಯದಿಂದ ಯಾರಿಗೋ ಮೊರೆಯಿಡುತ್ತಿದ್ದಾನೆ! ವಸೀಮ ಗುರಿಯಿಟ್ಟ, ಹೊಡೆದ, ಗೋ...ಲು!" ಮೈದಾನ ಸಿಡಿಯಿತು. ರೋಣದವರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲಿನಿಂದ ಜಗತ್ತು ಸಣ್ಣದಾಗಿ, ಚೆಂದವಾಗಿ ಕಾಣುತ್ತಿತ್ತು.

ವಿರಾಮದಲ್ಲಿ ನೀರು ಕುಡಿಯುವಾಗ ಗಡಿಯಾರ ನೆನಪಾಯಿತು. ಒಂದೂ ಹತ್ತು. "ನನ್ನ ಟ್ರಯಲ್ ಹೋತ್ರಿ," ಎಂದು ತಲೆಯ ಮೇಲೆ ಕೈಹೊತ್ತ. ಪಕ್ಕದಲ್ಲಿ ಕೋಲಿಗೆ ಫೋನು ಕಟ್ಟಿಕೊಂಡು ಇಡೀ ಆಟವನ್ನು ಚಿತ್ರ ಹಿಡಿಯುತ್ತಿದ್ದವನು ನಿಜಾಮುದ್ದೀನ, ರೋಣದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಪರೋಪಕಾರಿ.

"ಅದಕ್ಯಾಕ ಹುಬ್ಬಳ್ಳಿಗೆ ಹೋಗ್ತಿ ವಸೀಮಭಾಯಿ? ಕೋಚ್ ನಂಬರ್ ಕೊಡು. ಈ ವಿಡಿಯೋನ ಕಳಸ್ತೀನಿ. ಕುಂತಲ್ಲೇ ನೋಡ್ಲಿ. ಇಂಥಾ ಆಟ ಟ್ರಯಲ್ದಾಗ ಬರತೈತೇನು?"

ವಸೀಮನಿಗೆ ಅದೇ ಸರಿಯೆನಿಸಿತು. ಜಿಂಕೆಯಾದವನಿಗೆ ಬಸ್ಸಿನ ಚಿಂತೆ ಯಾಕೆ? ನಂಬರು ಕೊಟ್ಟ. ರೋಣದ ಅಂಗಿ ಕಳಚಿ ನರಗುಂದದ ಅಂಗಿ ತೊಟ್ಟ. ಅದು ರಘೂತ್ತಮನ ಹೆಚ್ಚಿನ ಅಂಗಿ, ಗಾದಿಯ ಗವಸಣಿಗೆಯಷ್ಟು ದೊಡ್ಡದು. ಗಾಳಿ ತುಂಬಿ ಹಾಯಿಯಂತೆ ಉಬ್ಬಿತು.

ಎರಡನೆಯ ಅರ್ಧದಲ್ಲಿ ದನಿ ಇನ್ನೂ ಏರಿತ್ತು. ವಸೀಮ ಓಡಿದನೋ ತೇಲಿದನೋ. ಕಣ್ಣೆದುರು ಅವೇ ಎರಡು ಕಂಬಗಳು ದೂರದಲ್ಲಿ ಕರೆಯುತ್ತಿದ್ದವು. ಕಡೆಯ ನಿಮಿಷದಲ್ಲಿ ರೋಣದ ಗೋಲ್‌ಕೀಪರ್ ಚೆಂಡು ಹಿಡಿದು ನಿಂತ. ಎದುರಿಗೆ ನಮ್ಮ ವಸೀಮನೇ ಇದ್ದಾನೆಂದು ಅವನಿಗೆ ಧೈರ್ಯ. ಅಂಗಿಯ ಬಣ್ಣ ಅವನ ತಲೆಗೆ ಹೋಗಲೇ ಇಲ್ಲ. "ತಗೋ ಅಣ್ಣಾ" ಎಂದು ಚೆಂಡನ್ನು ಮೆಲ್ಲಗೆ ಅವನ ಕಾಲಿಗೆ ಉರುಳಿಸಿದ.

"ದ್ವಾರಪಾಲಕನೇ ಶರಣಾಗಿದ್ದಾನೆ! ಆಯುಧವನ್ನು ವೀರನ ಪಾದಕ್ಕೆ ಅರ್ಪಿಸಿದ್ದಾನೆ!" ಎಂದಿತು ಮೈಕು. ಎಡಗಾಲು ಎದ್ದಿತು. ಗೋಲು.

ಒಂದಕ್ಕೊಂದು ಸಮ. ಆಟ ಮುಗಿಯಿತು.

ಮೊದಲ ಅರ್ಧದಲ್ಲಿ ಅವನನ್ನು ಹೊತ್ತಿದ್ದ ಹೆಗಲುಗಳು ಈಗ ಅವನ ಸುತ್ತ ನಿಂತವು. "ರೋಣದ ಉಪ್ಪುಂಡು ರೋಣಕ್ಕಽ ಗೋಲ್ ಹೊಡದ್ಯಾ?" ನರಗುಂದದವರು ಬಿಡಿಸಿಕೊಳ್ಳಲು ಬಂದರು, ಆದರೆ ಅವರದೂ ಒಂದು ದೂರು ಇತ್ತು: ಮೊದಲು ಅವನು ರೋಣದ ಪರ ಹೊಡೆಯದಿದ್ದರೆ ಈಗ ನಾವು ಗೆದ್ದಿರುತ್ತಿದ್ದೆವು. ಎಳೆದಾಟದಲ್ಲಿ ದೊಗಳೆ ಅಂಗಿ ಹರಿಯಿತು. ಯಾರೋ ಕಾಲು ತುಳಿದರು. ಆಗ ಒಮ್ಮೆಲೇ ಮೊಣಕಾಲು ಎಲ್ಲಿದೆಯೆಂದು ವಸೀಮನಿಗೆ ಮತ್ತೆ ಗೊತ್ತಾಯಿತು.

ಕುಂಟುತ್ತ ಬಸ್‌ಸ್ಟ್ಯಾಂಡಿಗೆ ಬಂದಾಗ ಎರಡು ಗಂಟೆ. ಎರಡೂವರೆಗೆ ಇನ್ನೊಂದು ಹುಬ್ಬಳ್ಳಿ ಬಸ್ಸು ಇತ್ತು. ಬೇವಿನ ಗಿಡದ ಕೆಳಗೆ ಕೂತು ರೊಟ್ಟಿಯ ಗಂಟು ಬಿಚ್ಚಿದ. ಮೊಣಕಾಲು ಸೋರೆಕಾಯಿಯಾಗಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಹತ್ತು ವರ್ಷದಲ್ಲಿ ಇಂಥ ಆಟ ಆಡಿರಲಿಲ್ಲ. ಇದು ಕನಸಲ್ಲ, ವಿಡಿಯೋ ಇದೆ. ರೊಟ್ಟಿ ಮುರಿಯುತ್ತ ಅವನು ಹುಬ್ಬಳ್ಳಿಯಲ್ಲಿ ರುಜು ಹಾಕಿದ, ಅಪ್ಪನಿಗೆ ಫೋನು ಮಾಡಿದ, ಸಕ್ರವ್ವನಿಗೆ 'ಈ ಸಲ ಹುಬ್ಬಳ್ಳಿಗೆ ಹಾಕ್ಯಾರ ಆಯಿ' ಎಂದು ಹೇಳಿದ.

ಫೋನು ಬಡಿಯಿತು. ಚೌಗುಲೆ ಸರ್.

"ವಸೀಮ! ವಿಡಿಯೋ ನೋಡಿದ್ನೋ. ಮೈಮ್ಯಾಲ ಮುಳ್ಳೆದ್ದು ನೋಡು! ಇಲ್ಲಿ ಕಮಿಟಿಯವರೆಲ್ಲಾ ಕುರ್ಚಿ ಬಿಟ್ಟ ಎದ್ದ ನಿಂತ್ರು. ಒಬ್ಬರು ಕಣ್ಣೀರ ಹಾಕಿದ್ರು!"

"ಖರೇ ಏನ್ರೀ ಸರ?" ರೊಟ್ಟಿ ಬಿಟ್ಟು ಅವನೂ ಎದ್ದು ನಿಂತ.

"ಖರೇ. ಆಮ್ಯಾಲ ನಾ ಏನ ಮಾಡಿದೆ, ಧ್ವನಿ ಬಂದ ಮಾಡಿ ಇನ್ನೊಮ್ಮೆ ನೋಡಿದೆ."

ವಸೀಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಧ್ವನಿ ಇಲ್ಲದ ನೋಡಿದ್ರ, ತಮ್ಮಾ, ನೀ ಕುಂಟಾಕತ್ತೀದಿ. ಆ ಮೊದಲನೇ ಗೋಲ್‌ದಾಗ ಕೀಪರ್ ಯಾರ ಜೋಡಿನೋ ಫೋನಿನ್ಯಾಗ ಮಾತಾಡಾಕತ್ತಾನ. ಬಾಲ್ ನಿನ್ನ ಮೊಣಕಾಲಿಗೆ ಬಡದು ಒಳಗ ಹೋಗೈತಿ. ಎರಡನೇದು ನಾ ಹೇಳಂಗಿಲ್ಲ, ನಿನಗ ಗೊತ್ತೈತಿ. ಟ್ರಯಲ್ ಆತು ಅಂತ ತಿಳಕೊ. ಕಾಲಿಗೆ ವಿಶ್ರಾಂತಿ ಕೊಡು."

ಬೇವಿನ ಒಂದು ಎಲೆ ಸುತ್ತುತ್ತ ಸುತ್ತುತ್ತ ಬಂದು ಶೇಂಗಾ ಚಟ್ನಿಯ ಮೇಲೆ ಕೂತಿತು.

"ಹ್ಞಾಂ, ಇಡಬ್ಯಾಡ ಫೋನು," ಎಂದರು ಚೌಗುಲೆ. "ಆ ಧ್ವನಿ ಯಾರದು? ನಮ್ಮ ಮ್ಯಾಚ್ ಎಲ್ಲಾ ಕನ್ನಡದಾಗ ತೋರಸ್ತೀವಿ ಈ ವರ್ಸ. ಅಂಥಾ ಮನಶಾನ್ನ ಎರಡ ತಿಂಗಳಿಂದ ಹುಡಕಾಕತ್ತೇವಿ. ಕುಂಟಾಂವನ್ನ ಜಿಂಕಿ ಮಾಡ್ಯಾನ, ಆಡೋರನ್ನ ಏನ ಮಾಡ್ತಾನೋ! ನಂಬರ್ ಕೊಡು, ಲಗೂ."

ವಸೀಮ ನಂಬರು ಹೇಳಿದ. ಒಂದೊಂದೇ ಅಂಕಿ ನಿಧಾನವಾಗಿ, ತಪ್ಪಿಲ್ಲದೆ ಹೇಳಿದ.

ಇಪ್ಪತ್ತು ನಿಮಿಷದಲ್ಲಿ ಜಯತೀರ್ಥ ಸರ್ ಬಸ್‌ಸ್ಟ್ಯಾಂಡಿಗೆ ಓಡುತ್ತ ಬಂದರು. ಇಸ್ತ್ರಿಯ ಕೋಟು, ಹಣೆಯ ಮೇಲೆ ಹೊಸದಾಗಿ ಎಳೆದ ಅಂಗಾರದ ಗೆರೆ, ಕೈಯಲ್ಲೊಂದು ಬ್ಯಾಗು. ಮುಖದ ಮೇಲೆ ಮೊದಲ ನೌಕರಿ ಸಿಕ್ಕ ಹುಡುಗನ ಬೆಳಕು.

"ವಸೀಮಾ! ನನ್ನ ಕರದಾರೋ ಹುಬ್ಬಳ್ಳ್ಯಾಗ! ಆರಕ್ಕ ಬರ್ರಿ ಅಂದಾರ. ಹೆಂಗೂ ನೀ ಹೊಂಟೀಯಲ್ಲ, ನನಗೊಂದು ಸೀಟು ಹಿಡಿ!"

ಅವರು ಬ್ಯಾಗನ್ನು ಎದೆಗವಚಿಕೊಂಡು ಬಸ್ಸು ಬರುವ ದಾರಿಯನ್ನೇ ನೋಡತೊಡಗಿದರು. ತನ್ನ ಟ್ರಯಲ್ ಮುಗಿಯಿತೆಂದು ಹೇಳಲು ಬಾಯಿ ತೆರೆದ ವಸೀಮ ಅದನ್ನು ಹಾಗೇ ಮುಚ್ಚಿದ. ಅಷ್ಟರಲ್ಲಿ ಬಸ್ಸು ಬಂದೇ ಬಂತು, ಕಾಲಿಡಲು ಜಾಗವಿಲ್ಲದಷ್ಟು ತುಂಬಿಕೊಂಡು. ವಸೀಮ ಕಿಟಕಿಯಿಂದ ಕಿಟಕಿಗೆ ಕುಂಟುತ್ತ ಓಡಿ, ಖಾಲಿ ಕಂಡ ಒಂದೇ ಸೀಟಿನ ಮೇಲೆ ತನ್ನ ಬೂಟಿನ ಚೀಲ ಎಸೆದ. ಸರ್ ಅಲ್ಲಿ ಕೂತರು. ಇವನು ಪಕ್ಕದಲ್ಲಿ ಮೇಲಿನ ಸರಳು ಹಿಡಿದು ಒಂದೇ ಕಾಲಿನ ಮೇಲೆ ನಿಂತ.

ಊರು ದಾಟಿದ ಮೇಲೆ ಸರ್ ಮೆಲ್ಲಗೆ ಕೇಳಿದರು. "ನನಗೊಂದ ಅಂಜಿಕಿ ಅದನೋ. ಆ ಆಫ್‌ಸೈಡ್ ಅಂತಾರಲ್ಲ, ಅದರ ಅರ್ಥ ಏನು?"

ವಸೀಮ ಹೇಳಿಕೊಟ್ಟ. ಹೊಳೆಮಣ್ಣೂರಿನ ಕಡೆ ಹೋಗುವ ದಾರಿ ಕವಲೊಡೆಯುವವರೆಗೂ ಹೇಳಿಕೊಟ್ಟ. ಸರ್ ಪಾಠ ಕೇಳುವ ಹುಡುಗನ ಹಾಗೆ ತಲೆಯಾಡಿಸಿದರು. ಆಮೇಲೆ ಕಣ್ಣು ಮುಚ್ಚಿ, ದನಿ ತಗ್ಗಿಸಿ ಅಭ್ಯಾಸಕ್ಕೆ ಕೂತರು.

"ಅಗೋ, ಚೆಂಡು ವಸೀಮನ ಎಡಗಾಲಿಗೆ ಬಂತು..."

"ಸರ," ಎಂದ ವಸೀಮ, "ಅಲ್ಲಿ ಆಡೋರ ಹೆಸರ ಬ್ಯಾರೆ ಇರ್ತಾವ್ರಿ. ನನ್ನ ಹೆಸರ ಹೇಳಬ್ಯಾಡ್ರಿ. ನಾ ಅಲ್ಲಿ ಇರಂಗಿಲ್ರಿ."

ಜಯತೀರ್ಥ ಸರ್ ಕಣ್ಣು ತೆರೆದು ಅವನನ್ನೇ ನೋಡಿದರು. ಸೊಟ್ಟಗೆ ನಿಂತ ಕಾಲನ್ನೂ ಹರಿದ ಅಂಗಿಯನ್ನೂ ನೋಡಿದರು.

"ಗೊತ್ತಾತು," ಎಂದರು ಕಡೆಗೆ. "ಹುಬ್ಬಳ್ಳಿ ಮುಟ್ಟೂತನಕಾ ಇರಲಿ ತಗೋ."

ಮತ್ತೆ ಕಣ್ಣು ಮುಚ್ಚಿ, ಚೆಂಡನ್ನು ವಸೀಮನ ಎಡಗಾಲಿಗೇ ಕೊಟ್ಟು ಮಾತು ಮುಂದುವರಿಸಿದರು. ಕಿಟಕಿಯ ಹೊರಗೆ ಎರಿಭೂಮಿ ಇಳಿಬಿಸಿಲಿನಲ್ಲಿ ಮಖಮಲ್ಲಿನ ಹಾಗೆ ಹಾಸಿಕೊಂಡಿತ್ತು. ಬಸ್ಸು ನರಗುಂದ ಮುಟ್ಟುವುದರೊಳಗೆ, ಒಂಟಿ ಕಾಲಿನ ಮೇಲೆ ನಿಂತಿದ್ದ ವಸೀಮ ಮೂರು ಗೋಲು ಹೊಡೆದಿದ್ದ.